ಓದುಗರ ಪ್ರಶ್ನೆ: ಬೀರುವಿನಲ್ಲಿ ಕೂತ ಸೀಡಿಗಳು

ಹೋದ ಸಂಚಿಕೆಯಲ್ಲಿ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಬಗ್ಗೆ ಬರೆಯುವಾಗ, ಈಗಿನವುಗಳಲ್ಲಿ ಸೀಡಿ ಹಾಕುವ ಜಾಗವೇ ಇರುವುದಿಲ್ಲ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ಲೇಖನಕ್ಕೆ ಬರಲಿಲ್ಲ. ಎಲ್ಲರ ಮನೆಯಲ್ಲೂ ಬೀರುವಿನ ಮೇಲಿನ ಖಾನೆಯಲ್ಲಿ ಒಂದು ಸೀಡಿ ಪೌಚ್ ಇದೆ. ಅದರಲ್ಲಿ ಮದುವೆ ಇದೆ, ಉಪನಯನ ಇದೆ, ತೀರಿಕೊಂಡ ಅಪ್ಪನ ದನಿ ಇದೆ.

ಈ ವಿಷಯ ನನಗೆ ತುಂಬಾ ಹತ್ತಿರದ್ದು. 2002ರಿಂದ 2014ರವರೆಗೆ ಸಾಗರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇತ್ತು. ಜೆರಾಕ್ಸ್, ಡಿಟಿಪಿ, ಸೀಡಿ ರೈಟಿಂಗ್. ಎಷ್ಟು ಸಾವಿರ ಸೀಡಿ ಬರೆದುಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಅವುಗಳಲ್ಲಿ ಎಷ್ಟು ಇವತ್ತಿಗೂ ಓಡುತ್ತವೆ ಎಂಬ ಯೋಚನೆ ಮಾತ್ರ ಆಗಾಗ ಬರುತ್ತದೆ. ಹಾಗಾಗಿ ಈ ಸಲ ಬರೀ ಡಿಸ್ಕಿನ ಪ್ರಶ್ನೆಗಳೇ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನನ್ನಲ್ಲಿ ಭಾವಗೀತೆಗಳ 40 ಸೀಡಿಗಳಿವೆ. ಮಗನ ಕಂಪ್ಯೂಟರಿಗೆ ಎಲ್ಲವನ್ನೂ ಕಾಪಿ ಮಾಡಿದೆ. ಒಂದೊಂದು ಸೀಡಿ ಎರಡೇ ಸೆಕೆಂಡಿನಲ್ಲಿ ಮುಗಿಯಿತು. ಈಗ ಸೀಡಿ ಹೊರಗೆ ತೆಗೆದರೆ ಒಂದು ಹಾಡೂ ಬರುವುದಿಲ್ಲ. ಏನು ತಪ್ಪಾಯಿತು? — ಹಾಸನದ ಓದುಗರು

ಮೇಷ್ಟ್ರೇ, ಎರಡು ಸೆಕೆಂಡ್ ಅಂದಿರಲ್ಲ, ಅಲ್ಲೇ ಗೊತ್ತಾಯಿತು. ನೀವು ಕಾಪಿ ಮಾಡಿದ ಫೈಲಿನ ಮೇಲೆ ಬಲಗಡೆ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ನೋಡಿ. ಹೆಸರಿನ ಕೊನೆಯಲ್ಲಿ ಸಿಡಿಎ ಎಂದಿರುತ್ತದೆ. ಅಳತೆ ಬರೀ 44 ಬೈಟ್. ಐದು ನಿಮಿಷದ ಹಾಡು ಅಷ್ಟರಲ್ಲಿ ಹಿಡಿಸುವುದುಂಟೇ?

ಹಾಡಿನ ಸೀಡಿಯಲ್ಲಿ ನಿಜಕ್ಕೂ ಫೈಲುಗಳೇ ಇಲ್ಲ. ಕಂಪ್ಯೂಟರು ಮನೆಮನೆಗೆ ಬರುವ ಮೊದಲೇ, 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೇರಿ ಮಾರುಕಟ್ಟೆಗೆ ತಂದ ವಸ್ತು ಅದು. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಆ ಅಂಕಿಗಳನ್ನು ನಡುವಿನಿಂದ ಅಂಚಿನವರೆಗೆ ಒಂದೇ ಸುರುಳಿಯಾಗಿ ಬರೆದಿರುತ್ತಾರೆ. ಯಾವ ಹಾಡು ಎಲ್ಲಿ ಶುರು ಎಂಬ ಪಟ್ಟಿ ತೀರಾ ಒಳಗಿನ ಸುತ್ತಿನಲ್ಲಿರುತ್ತದೆ. ವಿಂಡೋಸ್ ಆ ಪಟ್ಟಿಯನ್ನೇ ಫೈಲಿನ ಹಾಗೆ ತೋರಿಸುತ್ತದೆ. ಪುಸ್ತಕದ ಪರಿವಿಡಿ ಪುಟವನ್ನಷ್ಟೇ ಜೆರಾಕ್ಸ್ ಮಾಡಿಸಿಕೊಂಡು ಬಂದ ಹಾಗಾಗಿದೆ ನಿಮ್ಮದು.

ಹಾಡನ್ನು ಹೊರಗೆ ತೆಗೆಯುವುದಕ್ಕೆ 'ರಿಪ್' ಮಾಡುವುದು ಅನ್ನುತ್ತಾರೆ. ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲೇ 'ರಿಪ್ ಸೀಡಿ' ಎಂಬ ಗುಂಡಿ ಇದೆ. ಅದನ್ನು ಒತ್ತುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಯಾವ ರೂಪದಲ್ಲಿ ಬೇಕು ಎಂದು ಆರಿಸಿ. ಇದ್ದ ಹಾಗೇ ಬಿಟ್ಟರೆ ಅದು ತನಗೆ ಬೇಕಾದ ರೂಪದಲ್ಲಿ ಇಡುತ್ತದೆ, ಎಲ್ಲ ಪ್ಲೇಯರುಗಳಲ್ಲೂ ಅದು ಹಾಡದೇ ಇರಬಹುದು. ನನ್ನ ಸಲಹೆ ಫ್ಲ್ಯಾಕ್. ದನಿಯಲ್ಲಿ ಒಂದಿಷ್ಟೂ ಕಳೆಯುವುದಿಲ್ಲ, ಜಾಗ ಮಾತ್ರ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಒಂದು ಗಂಟೆಯ ಸೀಡಿ ಇದ್ದ ಹಾಗೇ ತೆಗೆದರೆ 600 ಎಂಬಿ ದಾಟುತ್ತದೆ. ಫ್ಲ್ಯಾಕ್‌ನಲ್ಲಿ 300ರ ಸುತ್ತಮುತ್ತ. ಮೊಬೈಲಿಗೆ ಬೇಕಾದರೆ ಅದರಿಂದಲೇ ಎಂಪಿ3 ಮಾಡಿಕೊಳ್ಳಿ. ಎಂಪಿ3 ಮಾಡಿದ ಮೇಲೆ ಫ್ಲ್ಯಾಕ್ ಮಾಡಿದರೆ ಹೋದ ದನಿ ತಿರುಗಿ ಬರುವುದಿಲ್ಲ, ಇದು ನೆನಪಿರಲಿ.

ಗೀರು ಬಿದ್ದ ಸೀಡಿಗಳಿಗೆ 'ಎಗ್ಸಾಕ್ಟ್ ಆಡಿಯೋ ಕಾಪಿ' ಎಂಬ ತಂತ್ರಾಂಶ ಇದೆ, ಮನೆ ಬಳಕೆಗೆ ಪುಕ್ಕಟೆ. ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ನಿಧಾನ. ಒಂದೊಂದು ಸೀಡಿಗೆ ಅರ್ಧ ಗಂಟೆ ಹೋದರೂ ಹೋಗಲಿ, ಬಿಡಿ.

ಇನ್ನೊಂದು ಮಾತು. ಹಾಡಿನ ಹೆಸರನ್ನು ಕಂಪ್ಯೂಟರು ಇಂಟರ್ನೆಟ್ಟಿನಿಂದ ತಾನೇ ತರುತ್ತದೆ. ಕನ್ನಡ ಭಾವಗೀತೆಯ ಮಟ್ಟಿಗೆ ಅದನ್ನು ನಂಬಬೇಡಿ. ಎಷ್ಟೋ ಸಲ 'ಟ್ರ್ಯಾಕ್ 1, ಟ್ರ್ಯಾಕ್ 2' ಎಂದೇ ಉಳಿಯುತ್ತದೆ, ಇಲ್ಲವೇ ಬೇರೆ ಯಾವುದೋ ಹೆಸರು ಬಂದು ಕೂರುತ್ತದೆ. ಸೀಡಿ ಕವರಿನ ಒಳಗಿನ ಹಾಳೆ ನೋಡಿಕೊಂಡು ಕವಿ, ಗಾಯಕರು, ಸಂಗೀತ ಎಲ್ಲವನ್ನೂ ಕನ್ನಡದಲ್ಲೇ ಟೈಪ್ ಮಾಡಿ. ಈ ಕೆಲಸಕ್ಕೆ ನಿಮಗಿಂತ ತಕ್ಕವರು ಯಾರಿದ್ದಾರೆ?

ಪ್ರಶ್ನೆ: 2003ರಲ್ಲಿ ಆದ ನಮ್ಮ ಮದುವೆಯ ವೀಸೀಡಿ (ವಿಡಿಯೋ ಸೀಡಿ) ಮೂರಿವೆ. ಎರಡು ಸರಾಗ ಕಾಪಿ ಆದವು. ಧಾರೆ ಇರುವ ಎರಡನೇ ಡಿಸ್ಕ್ ಮಾತ್ರ ಅರ್ಧಕ್ಕೆ ನಿಂತು 'ಸೈಕ್ಲಿಕ್ ರಿಡಂಡೆನ್ಸಿ ಚೆಕ್' ಎಂದು ತೋರಿಸುತ್ತದೆ. ಆಸೆ ಬಿಡಬೇಕಾ? — ಶಿರಸಿಯ ಓದುಗರು

ಬಿಡಬೇಡಿ ಅಕ್ಕ. ಆ ಸಂದೇಶದ ಅರ್ಥ ಇಷ್ಟೇ, ಡಿಸ್ಕಿನ ಯಾವುದೋ ತುಂಡನ್ನು ಸರಿಯಾಗಿ ಓದಲಾಗುತ್ತಿಲ್ಲ. ಇಂಥ ಹತ್ತು ಡಿಸ್ಕು ಬಂದರೆ ಬಹುಪಾಲಿನಲ್ಲಿ ಏನಾದರೂ ಉಳಿದಿರುತ್ತದೆ.

ಮೊದಲು ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಡುವಿನಿಂದ ಅಂಚಿನ ಕಡೆಗೆ ಹೋದ ಗೀರಾದರೆ ಅಷ್ಟು ಹೆದರಿಕೆ ಇಲ್ಲ. ಅದು ಒಂದೊಂದು ಸುತ್ತಿನಲ್ಲೂ ಚೂರುಚೂರೇ ಕೆಡಿಸಿರುತ್ತದೆ, ಅಷ್ಟನ್ನು ಡ್ರೈವ್ ತಾನೇ ಸರಿ ಮಾಡಿಕೊಂಡು ಓದುತ್ತದೆ. ಬಳೆಯ ಹಾಗೆ ಸುತ್ತು ತಿರುಗಿದ ಗೀರಾದರೆ ಕಷ್ಟ. ಅದು ಒಂದೇ ಜಾಗದ ಉದ್ದನೆಯ ತುಂಡನ್ನೇ ನುಂಗಿರುತ್ತದೆ. ಸೀಡಿಯನ್ನು ಸುತ್ತು ತಿರುಗಿಸಿ ಒರೆಸಬಾರದು ಅನ್ನುವುದು ಇದಕ್ಕೇ.

ಒಂದು ಪಾತ್ರೆಯಲ್ಲಿ ತಣ್ಣೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ತೊಳೆದು, ಹಳೆಯ ಪಂಚೆಯ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ನೆರಳಲ್ಲಿ ಒಣಗಲಿ. ನಮ್ಮ ಕಡೆ, ನಿಮ್ಮ ಕಡೆ ಮಳೆಗಾಲ ಕಳೆದರೆ ಸೀಡಿ ಮೇಲೆ ಬೂಷ್ಟು ಬಂದಿರುತ್ತದೆ. ಎಷ್ಟೋ ಡಿಸ್ಕು ಬರೀ ಇಷ್ಟಕ್ಕೇ ಸರಿಯಾಗಿವೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನನ್ನ ಅಂಗಡಿಗೆ ಬಂದವರಲ್ಲಿ ಹಾಗೆ ಉಳಿಸಿಕೊಂಡವರಿಗಿಂತ ಕೆಡಿಸಿಕೊಂಡವರೇ ಜಾಸ್ತಿ. ಥಿನ್ನರ್, ಪೆಟ್ರೋಲ್ ಅಂತೂ ಹತ್ತಿರ ತರಲೇಬೇಡಿ.

ಆಮೇಲೆ ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುತ್ತದೆ, ಇದು ನಾನು ಕಣ್ಣಾರೆ ಕಂಡಿದ್ದು. ಅಂಗಡಿಯಲ್ಲಿ ಮೂರು ಡ್ರೈವ್ ಇಟ್ಟಿದ್ದೆ. ಅತ್ಯಂತ ಹಳೆಯದು, ನಿಧಾನದ್ದು, ಅದೇ ಎಷ್ಟೋ ಮದುವೆಗಳನ್ನು ಉಳಿಸಿಕೊಟ್ಟಿದೆ.

ಅದಕ್ಕೂ ಜಗ್ಗದಿದ್ದರೆ ಕಾಪಿ ಮಾಡುವ ದಾರಿಯನ್ನೇ ಬದಲಿಸಬೇಕು. ವೀಸೀಡಿಯಲ್ಲಿ ಒಂದು ವಿಶೇಷ ಇದೆ. ಮಾಮೂಲಿ ಡೇಟಾ ಸೀಡಿಯಲ್ಲಿ ಒಂದೊಂದು ತುಂಡಿನಲ್ಲಿ 2,048 ಬೈಟ್ ಮಾಹಿತಿ, ಜೊತೆಗೆ ತಪ್ಪು ತಿದ್ದಿಕೊಳ್ಳಲು ಒಂದಿಷ್ಟು ಹೆಚ್ಚುವರಿ ಲೆಕ್ಕ. ವೀಸೀಡಿಯಲ್ಲಿ ಆ ಹೆಚ್ಚುವರಿ ಲೆಕ್ಕ ತೆಗೆದುಹಾಕಿ 2,324 ಬೈಟ್ ವಿಡಿಯೋ ತುಂಬಿರುತ್ತಾರೆ. 700 ಎಂಬಿ ಸೀಡಿಯಲ್ಲಿ 800 ಎಂಬಿಯಷ್ಟು ವಿಡಿಯೋ ಹಿಡಿಸುವುದು ಇದರಿಂದಲೇ. ಚಿತ್ರದಲ್ಲಿ ಒಂದು ಚೌಕ ಕೆಟ್ಟರೆ ಕಣ್ಣಿಗೆ ದೊಡ್ಡದಾಗಿ ಕಾಣುವುದಿಲ್ಲ ಎಂಬ ಲೆಕ್ಕಾಚಾರ. ಆದರೆ ವಿಂಡೋಸ್‌ನ ಸಾದಾ ಕಾಪಿಗೆ ಒಂದು ತುಂಡು ಓದಲಾಗದಿದ್ದರೂ ಇಡೀ ಫೈಲ್ ಬಿಟ್ಟುಬಿಡುತ್ತದೆ. ಒಂದು ಗಂಟೆಯ ಧಾರೆಯಲ್ಲಿ ಅರ್ಧ ಸೆಕೆಂಡು ಕೆಟ್ಟಿದೆ ಎಂದು ಇಡೀ ಗಂಟೆ ಕಳೆದುಕೊಂಡ ಹಾಗೆ.

'ಐಸೋಬಸ್ಟರ್' ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದರ ಕೆಲವು ಸೌಲಭ್ಯಕ್ಕೆ ದುಡ್ಡು ಕೊಡಬೇಕು. ಅದು ಓದಲಾಗದ ಜಾಗ ಹಾರಿಸಿ ಮುಂದೆ ಹೋಗುತ್ತದೆ. ಡಿಸ್ಕಿನಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರ್, ಅದರೊಳಗೆ ಎವಿಸೆಕ್01 ಎಂಬ ಡ್ಯಾಟ್ ಫೈಲ್ ಇರುತ್ತದೆ. ನಿಮ್ಮ ಧಾರೆ ಇರುವುದು ಅದರಲ್ಲೇ. ಹೊರಗೆ ಬಂದ ಫೈಲನ್ನು ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿ. ಅಲ್ಲಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ಮತ್ತೆ ಸರಿಯಾಗುತ್ತದೆ, ಅಷ್ಟೇ.

ಒಂದು ಎಚ್ಚರಿಕೆ ಹೇಳಲೇಬೇಕು. ವೀಸೀಡಿಯ ಚಿತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ ಮಾತ್ರ. ಇದನ್ನು 'ಎಚ್‌ಡಿ ಮಾಡಿಕೊಡ್ತೀವಿ' ಎಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ. ಡಿಸ್ಕಿನಲ್ಲಿ ಇಲ್ಲದ ಮುಖ ಎಲ್ಲಿಂದ ಬರಬೇಕು? ಅದರ ಬದಲು, ಆವತ್ತು ಸ್ಟುಡಿಯೋದವರು ತೆಗೆದ ಮೂಲ ಟೇಪು ಮನೆಯಲ್ಲಿದೆಯಾ ಹುಡುಕಿ. ವೀಸೀಡಿಗಿಂತ ಅದರಲ್ಲಿ ಚಿತ್ರ ಚೆನ್ನಾಗಿರುತ್ತದೆ.

ಕಾಪಿ ಆದ ಮೇಲೆ ಮೂರೂ ಡಿಸ್ಕಿನ ವಿಡಿಯೋವನ್ನು ಶುರುವಿನಿಂದ ಕೊನೆಯವರೆಗೆ ಕೂತು ನೋಡಿ. ಕಾಪಿ ಮುಗಿಯಿತು ಎಂದು ಕಂಪ್ಯೂಟರು ತೋರಿಸುವುದು ಬೇರೆ, ಧಾರೆ ಎರೆಯುವುದನ್ನು ನೀವು ಕಣ್ಣಿಂದ ನೋಡುವುದು ಬೇರೆ.

ಪ್ರಶ್ನೆ: ಮಗುವಿನ ನಾಮಕರಣದಿಂದ ಹಿಡಿದು ಎಲ್ಲ ಫೋಟೋಗಳನ್ನೂ 30 ಡೀವಿಡಿಗೆ ಬರೆದು, ಚೆಂದದ ಲೇಬಲ್ ಪ್ರಿಂಟ್ ಮಾಡಿ ಅಂಟಿಸಿ ಷೋಕೇಸಿನಲ್ಲಿ ಜೋಡಿಸಿದ್ದೇನೆ. ಇನ್ನು ಚಿಂತೆ ಇಲ್ಲ ತಾನೆ? — ದಾವಣಗೆರೆಯ ಓದುಗರು

ನಿಮ್ಮ ಪತ್ರ ಓದಿ ಎದೆ ಧಸಕ್ ಎಂದಿತು. ನನ್ನ ಕಥೆ ಹೇಳುತ್ತೇನೆ.

2004ರ ಬೇಸಿಗೆಯಲ್ಲಿ ನಮ್ಮಜ್ಜಿಯ ಹಾಡುಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದೆ. ಎರಡು ಸಂಜೆ, 17 ಹಾಡು. ಎಣ್ಣೆ ಶಾಸ್ತ್ರದ್ದು, ಹಸೆಗೆ ಕರೆಯುವುದು, ಆರತಿಯದು. ನಡುನಡುವೆ ಅಜ್ಜಿ ಕೆಮ್ಮುವುದು, ದನ ಕೂಗುವುದು ಎಲ್ಲ ಇತ್ತು. ಕೇಬಲ್ ಹಾಕಿ ಕಂಪ್ಯೂಟರಿಗೆ ತಂದು ಒಂದು ಸೀಡಿಗೆ ಬರೆದೆ. ಹಸಿರು ಅಂಚಿನ ದುಂಡು ಸ್ಟಿಕ್ಕರಿನ ಮೇಲೆ 'ಅಜ್ಜಿಯ ಹಾಡು' ಎಂದು ನಾನೇ ಪ್ರಿಂಟ್ ತೆಗೆದು ಅಂಟಿಸಿದೆ. ಸೀಡಿ ಆಯಿತಲ್ಲ ಎಂದು ಟೇಪಿನ ಮೇಲೆ ಬೇರೆ ಏನೋ ರೆಕಾರ್ಡ್ ಮಾಡಿದೆ. ಕಂಪ್ಯೂಟರಿನಲ್ಲಿ ಜಾಗ ಬೇಕಿತ್ತು, ಅಲ್ಲಿದ್ದದ್ದನ್ನೂ ಅಳಿಸಿದೆ.

2013ರಲ್ಲಿ ತಂಗಿಯ ಮದುವೆಗೆ ಹಾಕೋಣ ಎಂದು ಹೊರಗೆ ತೆಗೆದೆ. ಅಜ್ಜಿ ಆಗ ಇರಲಿಲ್ಲ. ಒಂಬತ್ತು ಮಳೆಗಾಲದ ತೇವಕ್ಕೆ ಸ್ಟಿಕ್ಕರಿನ ಅಂಚು ಎದ್ದು ನಿಂತಿತ್ತು. ಡ್ರೈವ್‌ಗೆ ಸಿಕ್ಕಿಕೊಂಡೀತು ಎಂದು ಮೆಲ್ಲಗೆ ಎಳೆದೆ. ಸ್ಟಿಕ್ಕರಿನ ಜೊತೆ ಬೆಳ್ಳಿ ಬಣ್ಣದ ಪದರವೂ ಎದ್ದು ಬಂತು. ಡಿಸ್ಕನ್ನು ಎತ್ತಿ ಹಿಡಿದರೆ ಆ ಜಾಗದಲ್ಲಿ ಕಿಟಕಿಯ ಸರಳು ಕಾಣುತ್ತಿತ್ತು.

ಕಾರಣ ಇಷ್ಟೇ. ಸೀಡಿ ಎಂದರೆ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್. ಮಾಹಿತಿ ಇರುವುದು ಅದರ ಕೆಳಗಲ್ಲ, ಮೇಲುಗಡೆ, ಹೆಸರು ಬರೆಯುವ ಬದಿಯಲ್ಲಿ. ಅದಕ್ಕೆ ಕಾವಲಿರುವುದು ತೆಳುವಾದ ಒಂದು ವಾರ್ನಿಷಿನ ಪದರ ಮಾತ್ರ. ಕೆಳಗಿನ ಗೀರಿಗೆ ನಾವೆಲ್ಲ ಹೆದರುತ್ತೇವೆ, ಮೇಲಿನ ಬದಿಯ ಮೇಲೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯುತ್ತೇವೆ. ಸೀಡಿ ಒಳಗಿನಿಂದ ಹೊರಕ್ಕೆ ಓದುತ್ತದೆ ಎಂದೆನಲ್ಲ. ನನ್ನದು ಹೊರಗಿನ ಭಾಗ ಕಿತ್ತುಬಂದಿತ್ತು. ಹಾಗಾಗಿ ಮೊದಲ ಐದು ಹಾಡು ಸಿಕ್ಕವು. ಆರನೆಯದು ಹಸೆಗೆ ಕರೆಯುವ ಹಾಡು, ಅರ್ಧ ಸಾಲಿಗೆ ನಿಂತುಹೋಗುತ್ತದೆ.

ನಿಮ್ಮವು ಡೀವಿಡಿ. ಅದರಲ್ಲಿ ಮಾಹಿತಿಯ ಪದರ 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಇರುತ್ತದೆ. ಹಾಗಾಗಿ ಕಿತ್ತುಬರುವ ಭಯ ಕಡಿಮೆ. ಆದರೆ ಕಾಗದದ ಲೇಬಲ್ ತೇವಕ್ಕೆ ಹಿಗ್ಗಿ, ಒಣಗಿ ಕುಗ್ಗಿ ಡಿಸ್ಕನ್ನು ಸೊಟ್ಟ ಮಾಡುತ್ತದೆ. ತಿರುಗುವಾಗ ತೂಕವೂ ಒಂದೇ ಕಡೆ ಎಳೆಯುತ್ತದೆ. ಲೇಬಲ್ ಕೀಳಲು ಮಾತ್ರ ಹೋಗಬೇಡಿ! ಇದ್ದ ಹಾಗೇ ಒಂದೊಂದಾಗಿ ಹಾಕಿ, ಎಲ್ಲವನ್ನೂ ಈ ವಾರವೇ ಕಂಪ್ಯೂಟರಿಗೆ ಇಳಿಸಿ. ಷೋಕೇಸಿಗೆ ಬಿಸಿಲು ಬೀಳುತ್ತದೆಯಾ ನೋಡಿ. ಮನೆಯಲ್ಲಿ ಬರೆಯುವ ಡಿಸ್ಕಿನಲ್ಲಿ ಮಾಹಿತಿ ನಿಂತಿರುವುದು ಒಂದು ಬಗೆಯ ಬಣ್ಣದ ಪದರದ ಮೇಲೆ. ಬಿಸಿಲು, ಸೆಕೆ ಎರಡೂ ಅದಕ್ಕೆ ಆಗುವುದಿಲ್ಲ.

ಇಳಿಸಿದ ಮೇಲೆ ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಊರಲ್ಲಿರುವ ಅಣ್ಣನ ಮನೆಯಲ್ಲೋ ಆನ್‌ಲೈನ್ ಜಾಗದಲ್ಲೋ. ಮೂರು ಪ್ರತಿ ಇರಲಿ. ಡಿಸ್ಕೇ ಬೇಕು ಅನ್ನಿಸಿದರೆ ಎಂ-ಡಿಸ್ಕ್ ಎಂಬ ಬಗೆ ಇದೆ. ಅದರಲ್ಲಿ ಬಣ್ಣದ ಪದರದ ಬದಲು ಕಲ್ಲಿನಂಥ ಪದರ ಇರುತ್ತದೆ. ಬೆಲೆ ಜಾಸ್ತಿ, ಬರೆಯಲು ಅದಕ್ಕೆ ಹೊಂದುವ ಡ್ರೈವ್ ಬೇಕು. ಹೆಸರು ಬರೆಯುವುದು ಸೀಡಿಗೆಂದೇ ಸಿಗುವ ಮೆತ್ತನೆ ತುದಿಯ ಮಾರ್ಕರಿನಲ್ಲಿ, ಅದೂ ನಡುವಿನ ಪಾರದರ್ಶಕ ಬಳೆಯ ಮೇಲೆ.

ಪ್ರಶ್ನೆ: ಡೀವಿಡಿ ಮೇಲೆ 4.7 ಜಿಬಿ ಎಂದಿದೆ. 4.5 ಜಿಬಿಯ ಫೋಲ್ಡರ್ ಹಿಡಿಸುತ್ತಿಲ್ಲವಲ್ಲ? — ಕೋಲಾರದ ಓದುಗರು

ಡಿಸ್ಕ್ ಮಾಡುವವರು 1,000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಅವರ 4.7 ಇವರ ಕಣ್ಣಿಗೆ 4.37 ಆಗುತ್ತದೆ. ಅಂಚಿನವರೆಗೆ ತುಂಬದೆ 4.2ಕ್ಕೇ ನಿಲ್ಲಿಸಿ. ಅಂಚಿನ ಭಾಗವೇ ಕೈ ತಾಗಿ ಮೊದಲು ಹಾಳಾಗುವುದು.

ಪ್ರಶ್ನೆ: ಅಪ್ಪ 2002ರಲ್ಲಿ ತಮ್ಮ ಕವನಗಳನ್ನು ಡಿಟಿಪಿ ಮಾಡಿಸಿ ಸೀಡಿಯಲ್ಲಿ ಇಟ್ಟಿದ್ದರು. ಫೈಲುಗಳು ಕಾಪಿ ಆಗಿವೆ, ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಡಿಸ್ಕ್ ಹಾಳಾಗಿದೆಯೇ? — ಧಾರವಾಡದ ಓದುಗರು

ಹಾಳಾಗಿಲ್ಲ. ಅಪ್ಪನ ಕವನ ಪೂರ್ತಿ ಅಲ್ಲೇ ಇದೆ, ಧೈರ್ಯವಾಗಿರಿ.

ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಈಗಿನ ಯೂನಿಕೋಡ್ ಕನ್ನಡ ಆಗ ನಮ್ಮ ಅಂಗಡಿಗಳಿಗೆ ಬಂದಿರಲಿಲ್ಲ. ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳಲ್ಲಿ ಟೈಪ್ ಮಾಡುತ್ತಿದ್ದೆವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟುಗಳವು. ನಿಮ್ಮ ಫೈಲಿನಲ್ಲಿ ಒಂದು ದೊಡ್ಡ 'ಪಿ', ತಲೆ ಮೇಲೆ ಓರೆ ಗೆರೆ ಇರುವ 'ಎ', ಪೌಂಡ್ ಚಿಹ್ನೆ ಒಟ್ಟೊಟ್ಟಿಗೆ ಬರುತ್ತವೆಯಾ ನೋಡಿ. ಹಾಗಿದ್ದರೆ ಅದು ನುಡಿ ಅಥವಾ ಅದೇ ಜೋಡಣೆಯ ಬೇರೆ ಫಾಂಟ್. 'ಕನ್ನಡ' ಎಂಬ ಪದ ಅದರಲ್ಲಿ ಶುರುವಾಗುವುದೇ ಹಾಗೆ. ಆ ಫಾಂಟ್ ಹಾಕಿಕೊಂಡು ಅಕ್ಷರಗಳನ್ನು ಆರಿಸಿ ಫಾಂಟ್ ಬದಲಿಸಿ ನೋಡಿ, ಕವನ ಕಣ್ಣ ಮುಂದೆ ಬರುತ್ತದೆ. ಆಮೇಲೆ ನುಡಿಯ ಜೊತೆಗೇ ಬರುವ ಪರಿವರ್ತಕದಲ್ಲಿ ಯೂನಿಕೋಡಿಗೆ ಬದಲಿಸಿ. ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ಎಡವಟ್ಟಾಗುತ್ತವೆ. ಮುದ್ರಿತ ಪ್ರತಿ ಇದ್ದರೆ ಪಕ್ಕದಲ್ಲಿಟ್ಟು ತಿದ್ದಿ.

ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನ ಫೈಲಾಗಿದ್ದರೆ ಇನ್ನೊಂದು ಹೆಜ್ಜೆ ಇದೆ. ಅದೇ ಕೆಲಸದ ಇನ್ನೊಂದು ತಂತ್ರಾಂಶ ಇನ್‌ಡಿಸೈನ್‌ನ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರ್ 6 ಮತ್ತು 7ರ ಫೈಲುಗಳನ್ನು ತೆರೆಯುತ್ತವೆ. ಆಮೇಲಿನವು ತೆರೆಯುವುದಿಲ್ಲ. ಊರಿನ ಹಳೆಯ ಪ್ರೆಸ್ಸುಗಳಲ್ಲಿ ಕೇಳಿ, ಪೇಜ್‌ಮೇಕರ್ ಇರುವ ಹಳೆಯ ಕಂಪ್ಯೂಟರನ್ನು ಇನ್ನೂ ಇಟ್ಟುಕೊಂಡವರು ಇರುತ್ತಾರೆ.

ಪ್ರಶ್ನೆ: ಮೈಸೂರಿನಿಂದ ಅಕ್ಕ ಕಳಿಸಿದ ಉಪನಯನದ ಡೀವಿಡಿ ಇಲ್ಲಿನ ಪ್ಲೇಯರಿನಲ್ಲಿ ಓಡುತ್ತಿಲ್ಲ. ರೀಜನ್ ಕೋಡ್ ತೊಂದರೆಯೇ? — ನ್ಯೂಜೆರ್ಸಿಯ ಓದುಗರು

ಇರಲಾರದು. ರೀಜನ್ ಕೋಡ್ ಎಂದರೆ ಯಾವ ದೇಶದ ಪ್ಲೇಯರಿನಲ್ಲಿ ಓಡಬೇಕು ಎಂದು ಡಿಸ್ಕಿಗೆ ಹಾಕುವ ಬೀಗ. ಭಾರತ ರೀಜನ್ 5, ಅಮೆರಿಕ ರೀಜನ್ 1, ನಿಜ. ಆದರೆ ಆ ಬೀಗ ಇರುವುದು ಕಂಪನಿಗಳು ಮಾರುವ ಸಿನಿಮಾ ಡಿಸ್ಕಿಗೆ, ಸ್ಟುಡಿಯೋದವರು ಬರೆದ ಡಿಸ್ಕಿಗೆ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮದು ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬ ಎರಡು ಟೀವಿ ಪದ್ಧತಿಗಳ ತಕರಾರು. ನಮ್ಮಲ್ಲಿ ಸೆಕೆಂಡಿಗೆ 25 ಚಿತ್ರ, ನಿಮ್ಮಲ್ಲಿ ಸುಮಾರು 30. ಕಂಪ್ಯೂಟರಿಗೆ ಈ ಭೇದ ಇಲ್ಲ. ವಿಎಲ್‌ಸಿಯಲ್ಲಿ ನೇರವಾಗಿ ನೋಡಬಹುದು. ಡಿಸ್ಕಿನಲ್ಲಿರುವ 'ವಿಡಿಯೋ ಟಿಎಸ್' ಎಂಬ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಟ್ಟು, ಅದರಿಂದ 'ಹ್ಯಾಂಡ್‌ಬ್ರೇಕ್' ಎಂಬ ತಂತ್ರಾಂಶದಲ್ಲಿ ಎಂಪಿ4 ಮಾಡಿ ಎಲ್ಲರಿಗೂ ಹಂಚಿ. ಆ ಮೂಲ ಫೋಲ್ಡರನ್ನು ಅಳಿಸಬೇಡಿ.

ಪ್ರಶ್ನೆ: ಅಪ್ಪನ ಹಳೆಯ ಕಾರಿನಲ್ಲಿ ಸೀಡಿ ಬಿಟ್ಟರೆ ಬೇರೇನೂ ಓಡುವುದಿಲ್ಲ. ಎಂಪಿ3 ಹಾಡುಗಳನ್ನು ಸೀಡಿಗೆ ಬರೆದೆ, ಅದು ಗುರುತೇ ಹಿಡಿಯುತ್ತಿಲ್ಲ. — ತುಮಕೂರಿನ ಓದುಗರು

ಸ್ಟೀರಿಯೋ ಮೇಲೆ ಎಂಪಿ3 ಎಂದು ಬರೆದಿದೆಯಾ ನೋಡಿ. ಇಲ್ಲದಿದ್ದರೆ ಅದಕ್ಕೆ ಬೇಕಿರುವುದು ಆಡಿಯೋ ಸೀಡಿ. ಮೀಡಿಯಾ ಪ್ಲೇಯರಿನ 'ಬರ್ನ್' ವಿಭಾಗದಲ್ಲಿ 'ಆಡಿಯೋ ಸೀಡಿ' ಆರಿಸಿ. 80 ನಿಮಿಷ ಮಾತ್ರ ಹಿಡಿಸುತ್ತದೆ. ಎಂಪಿ3 ಎಂದು ಬರೆದಿದ್ದರೆ ಅದೇ ಡಿಸ್ಕಿನಲ್ಲಿ 12 ಗಂಟೆಯ ಹಾಡು ಹಿಡಿಸಬಹುದು, ಆದರೆ ವಿಂಡೋಸ್ ಕೇಳುವ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು. ಖಾಲಿ ಸೀಡಿ ಹಾಕಿದ ಕೂಡಲೇ 'ಯುಎಸ್‌ಬಿ ಡ್ರೈವ್ ಹಾಗೆ ಬಳಸಬೇಕೋ, ಸೀಡಿ ಪ್ಲೇಯರಿಗೆ ಬೇಕೋ' ಎಂದು ಕೇಳುತ್ತದೆ. ಸುಮ್ನೆ ಮೊದಲನೆಯದನ್ನು ಒತ್ತುವವರೇ ಹೆಚ್ಚು. ಎರಡನೆಯದನ್ನು ಒತ್ತಿ. ರೀರೈಟಬಲ್ ಬೇಡ, ಸಾದಾ ಸೀಡಿ-ಆರ್ ತನ್ನಿ. ವೇಗ 52ರ ಬದಲು 16ಕ್ಕೆ ಇಳಿಸಿ ಬರೆಯಿರಿ. ಹಳೆಯ ಪ್ಲೇಯರುಗಳು ಅಂಥದನ್ನು ಬೇಗ ಓದುತ್ತವೆ, ಇದು ನನ್ನ ಅಂಗಡಿಯ ಅನುಭವ.

ಪ್ರಶ್ನೆ: ಹೀಗೆ ಕಾಪಿ ಮಾಡುವುದು ಕಾನೂನಿಗೆ ವಿರುದ್ಧವೇ? — ಬೆಂಗಳೂರಿನ ಓದುಗರು

ಮನೆಯ ಮದುವೆ, ಅಜ್ಜಿಯ ಹಾಡು ನಿಮ್ಮವೇ. ಕೊಂಡ ಹಾಡಿನ ಸೀಡಿಯ ಮಟ್ಟಿಗೆ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಸ್ವಂತ, ಖಾಸಗಿ ಬಳಕೆಗೆ ನ್ಯಾಯವಾದ ಅವಕಾಶ ಕೊಟ್ಟಿದೆ. ಮಾರುವುದು, ಹಂಚುವುದು ಅದರಲ್ಲಿ ಬರುವುದಿಲ್ಲ. ಹಕ್ಕು ಮೀರುವ ಉದ್ದೇಶದಿಂದ ಡಿಸ್ಕಿನ ಬೀಗ ಮುರಿಯುವುದನ್ನು 2012ರ ತಿದ್ದುಪಡಿ ಅಪರಾಧ ಎಂದಿದೆ. ಹಾಡಿದವರಿಗೂ ಹೊಟ್ಟೆಪಾಡಿದೆ ಅಲ್ವಾ, ಅಂಗಡಿಯಲ್ಲಿ ಸಿನಿಮಾ ಸೀಡಿಗೆ ಕಾಪಿ ಕೇಳಿದವರನ್ನು ನಾನು ವಾಪಸ್ ಕಳಿಸುತ್ತಿದ್ದೆ.

ಪ್ರಶ್ನೆ: ಎಲ್ಲ ಕಾಪಿ ಮಾಡಿ ಆಯಿತು. ಇನ್ನೂರು ಸೀಡಿಗಳನ್ನು ಏನು ಮಾಡಲಿ? — ತೀರ್ಥಹಳ್ಳಿಯ ಓದುಗರು

ಕಾಪಿ ಆದವನ್ನು ತೆರೆದು ನೋಡಿದ್ದೀರಾ? ಒಂದೊಂದನ್ನೂ? ನೋಡಿಲ್ಲದಿದ್ದರೆ ಇನ್ನೊಂದು ತಿಂಗಳು ಇರಲಿ. ಸ್ವಂತ ರೆಕಾರ್ಡಿಂಗುಗಳನ್ನು ಯಾವತ್ತೂ ಎಸೆಯಬೇಡಿ, ಒಂದು ಡಬ್ಬಿಯಷ್ಟು ಜಾಗ ತಾನೆ. ಉಳಿದವನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಬಚ್ಚಲ ಒಲೆಗೆ ಮಾತ್ರ ಹಾಕಬೇಡಿ, ಆ ಹೊಗೆ ಒಳ್ಳೆಯದಲ್ಲ. ನಮ್ಮ ತಮ್ಮ ಗದ್ದೆ ಅಂಚಿನಲ್ಲಿ ಹಕ್ಕಿ ಓಡಿಸಲು ಹಗ್ಗಕ್ಕೆ ಒಂದಿಷ್ಟು ಕಟ್ಟಿದ್ದಾನೆ. ಹಾಗೆ ಕಟ್ಟುವುದಾದರೆ ಬ್ಯಾಂಕಿನ ಕಾಗದಪತ್ರ, ಆಧಾರ್ ಸ್ಕ್ಯಾನ್ ಇರುವ ಸೀಡಿಗಳನ್ನು ಬೇರೆ ಮಾಡಿ, ಮೇಲಿನ ಬದಿಯನ್ನು ಮೊಳೆಯಿಂದ ಚೆನ್ನಾಗಿ ಗೀಚಿಬಿಡಿ.